ಬೆಂಗಳೂರಿನ ಗಾಳಿಗೆ ತಕ್ಕ ಪ್ರೊಪೆಲ್ಲರ್

ಮಾನ್ಯ ಸಂಪಾದಕರೇ,

ಹವ್ಯಾಸಿಗಳು ಸ್ವಂತವಾಗಿ ಕಟ್ಟುವ ಹಗುರ ವಿಮಾನಗಳ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ರೆಕ್ಕೆಯ ಜೋಡಣೆ, ಎಂಜಿನ್ ಆಯ್ಕೆಗಳ ವಿವರಣೆ ಅಚ್ಚುಕಟ್ಟಾಗಿದೆ. ಆದರೆ ಪ್ರೊಪೆಲ್ಲರ್ ವಿಷಯಕ್ಕೆ ಬಂದಾಗ, ಎಂಜಿನ್ನಿನ ಅಶ್ವಶಕ್ತಿಯನ್ನು ನೋಡಿಕೊಂಡು ನಕ್ಷೆಯಲ್ಲಿ ಕೊಟ್ಟಿರುವ ಅಳತೆಯದನ್ನೇ ತರಿಸಿಕೊಂಡರೆ ಸಾಕೆಂಬ ಅರ್ಥ ಬರುವಂತೆ ಒಂದೆರಡು ಸಾಲಿನಲ್ಲಿ ಮಾತು ಮುಗಿಸಲಾಗಿದೆ. ಬೆಂಗಳೂರಿನಲ್ಲಿ ವಿಮಾನ ಕಟ್ಟುವವರ ಮಟ್ಟಿಗೆ ಈ ಸಲಹೆ ಸಾಲದು.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮಿಕ್ಕಿ ಎತ್ತರದಲ್ಲಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ತಾಪಮಾನ 34 ಡಿಗ್ರಿ ಮುಟ್ಟಿದಾಗ ಇಲ್ಲಿನ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.03 ಕಿಲೋಗ್ರಾಂಗೆ ಇಳಿಯುತ್ತದೆ. 15 ಡಿಗ್ರಿ ತಾಪದಲ್ಲಿ ಸಮುದ್ರಮಟ್ಟದ ಗಾಳಿಗೆ ಇರುವ 1.225ರ ಲೆಕ್ಕಕ್ಕೆ ಹೋಲಿಸಿದರೆ ಇದು ಶೇ 16ರಷ್ಟು ಕಡಿಮೆ. ಬೇರೆ ಮಾತಿನಲ್ಲಿ ಹೇಳುವುದಾದರೆ, ಇಲ್ಲಿನ ಜಕ್ಕೂರು ವಿಮಾನನಿಲ್ದಾಣದ ರನ್‌ವೇ ಮೇಲೆ ನಿಂತಿರುವ ವಿಮಾನಕ್ಕೆ ಆ ಹೊತ್ತಿನಲ್ಲಿ ಸಿಗುವುದು ಸುಮಾರು 1,800 ಮೀಟರ್ ಎತ್ತರದ ಗಾಳಿ. ನೂಕುಬಲವೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ, ನೆಲ ಬಿಡಲು ಬೇಕಾದ ನಿಜವೇಗ ಶೇ 9ರಷ್ಟು ಏರುತ್ತದೆ. ಎರಡೂ ಸೇರಿ ನೆಲದ ಮೇಲಿನ ಓಟ ಶೇ 40ಕ್ಕೂ ಹೆಚ್ಚು ಉದ್ದವಾಗುತ್ತದೆ.

ಇಲ್ಲಿ ಎಂಜಿನ್ ಸುತ್ತುವ ವೇಗ ತೋರಿಸುವ ಟ್ಯಾಕೋಮೀಟರ್ ಹೇಗೆ ದಾರಿ ತಪ್ಪಿಸುತ್ತದೆಂಬುದನ್ನು ಹವ್ಯಾಸಿಗಳು ಗಮನಿಸಬೇಕು. ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಇಲ್ಲದ ಸಾಮಾನ್ಯ ಎಂಜಿನ್ನಿನ ಶಕ್ತಿ ತೆಳುಗಾಳಿಯಲ್ಲಿ ಕುಗ್ಗುತ್ತದೆ. ಅದೇ ತೆಳುಗಾಳಿಯನ್ನು ಸೀಳಿಕೊಂಡು ಸುತ್ತಲು ಪ್ರೊಪೆಲ್ಲರಿಗೆ ಬೇಕಾದ ಶಕ್ತಿಯೂ ಹೆಚ್ಚು ಕಡಿಮೆ ಅಷ್ಟೇ ಕುಗ್ಗುತ್ತದೆ. ಹೀಗಾಗಿ ವಿಮಾನವನ್ನು ಕಟ್ಟಿಹಾಕಿ ಪೂರ್ತಿ ಥ್ರಾಟಲ್ ಕೊಟ್ಟಾಗ ಮುಳ್ಳು ಕೈಪಿಡಿಯಲ್ಲಿ ಹೇಳಿದ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ) ಹತ್ತಿರವೇ ಬಂದು ನಿಲ್ಲುತ್ತದೆ. ಎಲ್ಲವೂ ಸರಿಯಾಗಿದೆ ಎಂದು ಕಟ್ಟಿದವರು ನೆಮ್ಮದಿಯಾಗಿರುತ್ತಾರೆ, ನೂಕುಬಲ ಮಾತ್ರ ಕಡಿಮೆಯೇ ಇರುತ್ತದೆ.

ಹಾಗಾದರೆ ಕೈಯಲ್ಲಿರುವ ಉಪಾಯವೆಂದರೆ ಪಿಚ್, ಅಂದರೆ ಅಲಗುಗಳ ಓರೆಯಿಂದಾಗಿ ಪ್ರೊಪೆಲ್ಲರ್ ಒಂದು ಸುತ್ತಿಗೆ ಮುಂದೆ ಸಾಗುವ ದೂರ. 40 ಇಂಚು ಪಿಚ್ ಎಂದರೆ, ಗಾಳಿಯಲ್ಲಿ ಆಗುವ ಜಾರಿಕೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಒಂದು ಸುತ್ತಿಗೆ ಸುಮಾರು ಒಂದು ಮೀಟರ್ ಮುನ್ನಡೆ. 2,700 ಆರ್‌ಪಿಎಂನಲ್ಲಿ ಗಂಟೆಗೆ ಸುಮಾರು 165 ಕಿಲೋಮೀಟರ್. ಪಿಚ್ ಹೆಚ್ಚಿಸಿದರೆ ಸಮತಲ ಹಾರಾಟದಲ್ಲಿ ವೇಗ ಸಿಗುತ್ತದೆ, ಆದರೆ ಟೇಕಾಫ್ ಸಮಯದಲ್ಲಿ ಅಲಗುಗಳ ಭಾರಕ್ಕೆ ಎಂಜಿನ್ ಉಸಿರು ಕಟ್ಟಿದಂತಾಗಿ ತನ್ನ ಪೂರ್ತಿ ಶಕ್ತಿಯ ಆರ್‌ಪಿಎಂ ತಲುಪುವುದೇ ಇಲ್ಲ. ಸ್ಥಿರ ಪಿಚ್‌ನ ಪ್ರೊಪೆಲ್ಲರನ್ನೇ ಹಾಕುವುದಾದರೆ, ನಕ್ಷೆಯ ಅಳತೆಗಿಂತ ಒಂದೆರಡು ಇಂಚು ಕಡಿಮೆ ಪಿಚ್ ಇರುವುದನ್ನು ಆರಿಸಿ, ಸಮತಲ ಹಾರಾಟದಲ್ಲಿ ಆರ್‌ಪಿಎಂ ಮಿತಿ ಮೀರದಂತೆ ಥ್ರಾಟಲ್ ಹಿಂದಕ್ಕೆ ಎಳೆದುಕೊಳ್ಳುವ ಶಿಸ್ತನ್ನು ರೂಢಿಸಿಕೊಳ್ಳುವುದೇ ಇಲ್ಲಿಗೆ ಸೂಕ್ತವೆಂಬುದು ನನ್ನ ಅಭಿಪ್ರಾಯ. ಗಂಟೆಗೆ ಹತ್ತು ಕಿಲೋಮೀಟರ್ ವೇಗ ಕಡಿಮೆಯಾದರೆ ನಷ್ಟವೇನಿಲ್ಲ. ರನ್‌ವೇ ಮುಗಿದು ಕಟ್ಟಡಗಳು ಶುರುವಾಗುವ ಕಡೆ ಏರಿಕೆ ಸಾಲದಿದ್ದರೆ ಬೇರೆ ದಾರಿಯಿಲ್ಲ. ನೆಲದ ಮೇಲೆ ನಿಲ್ಲಿಸಿಕೊಂಡು ಅಲಗುಗಳ ಕೋನ ಬದಲಿಸಬಹುದಾದ ಪ್ರೊಪೆಲ್ಲರ್ ಕೊಳ್ಳುವ ಶಕ್ತಿಯಿದ್ದರೆ ಮೊದಲ ವಿಮಾನಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ನಮ್ಮ ಊರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ ಹಗುರ ತರಬೇತಿ ವಿಮಾನ ಹಂಸ-3ರಲ್ಲಿ ಟರ್ಬೋ ಇರುವ ರೋಟ್ಯಾಕ್ಸ್ 914 ಎಂಜಿನ್ನೂ ಹಾರಾಟದಲ್ಲೇ ಪಿಚ್ ಬದಲಾಗುವ ಪ್ರೊಪೆಲ್ಲರೂ ಇವೆ. ಅಷ್ಟು ಖರ್ಚು ಮತ್ತು ತೂಕ ಎಲ್ಲ ಹವ್ಯಾಸಿಗಳಿಗೂ ಒಗ್ಗುವಂಥದ್ದಲ್ಲ.

ವ್ಯಾಸದ ವಿಷಯದಲ್ಲಿ, ನೆಲದಿಂದ ಅಂತರ ಉಳಿಯುವಷ್ಟು ಮಟ್ಟಿಗೆ ದೊಡ್ಡದಿದ್ದಷ್ಟೂ ಒಳ್ಳೆಯದು. ಮೂತಿಯಲ್ಲಿ ಚಕ್ರವಿರುವ ವಿಮಾನದಲ್ಲಿ ಅಲಗಿನ ತುದಿಗೂ ನೆಲಕ್ಕೂ ನಡುವೆ ಕನಿಷ್ಠ 7 ಇಂಚು ಬಿಡುವುದು ವಾಡಿಕೆ. ಆದರೆ ಅಲಗಿನ ತುದಿಯ ವೇಗವನ್ನೂ ನೋಡಬೇಕು. ಗೇರ್‌ಬಾಕ್ಸ್ ಇಲ್ಲದ ಫೋಕ್ಸ್‌ವ್ಯಾಗನ್ ಎಂಜಿನ್ 3,400 ಆರ್‌ಪಿಎಂನಲ್ಲಿ ತಿರುಗುವಾಗ 60 ಇಂಚಿನ ಪ್ರೊಪೆಲ್ಲರಿನ ತುದಿ ಸೆಕೆಂಡಿಗೆ 271 ಮೀಟರ್ ವೇಗದಲ್ಲಿ ಸುತ್ತುತ್ತದೆ. ಅದೇ ಎಂಜಿನ್ನಿಗೆ 72 ಇಂಚಿನದನ್ನು ಕಟ್ಟಿದರೆ ತುದಿಯ ವೇಗ 325 ಮೀಟರ್ ದಾಟಿ ಶಬ್ದದ ವೇಗದ ಹತ್ತಿರಕ್ಕೆ ಹೋಗುತ್ತದೆ, ಶಕ್ತಿಯ ದೊಡ್ಡ ಪಾಲು ಸದ್ದಾಗಿ ಪೋಲಾಗುತ್ತದೆ. ಜಕ್ಕೂರಿನ ಸುತ್ತಲಿನ ಅಪಾರ್ಟ್‌ಮೆಂಟ್‌ಗಳವರು ಇದನ್ನು ಸಹಿಸುತ್ತಾರೆಂದು ನನಗೆ ಅನ್ನಿಸುವುದಿಲ್ಲ. 100 ಅಶ್ವಶಕ್ತಿಯ ರೋಟ್ಯಾಕ್ಸ್ 912ರಲ್ಲಿ 2.43ರ ಗೇರ್ ಇರುವುದರಿಂದ ಎಂಜಿನ್ 5,800ರಲ್ಲಿ ಓಡುವಾಗಲೂ ಪ್ರೊಪೆಲ್ಲರ್ 2,390ರ ಆಸುಪಾಸಿನಲ್ಲೇ ಇರುತ್ತದೆ. ಅಲ್ಲಿ 68 ಇಂಚಿನದೂ ಸಲೀಸು. ಅಶ್ವಶಕ್ತಿಯೊಂದನ್ನೇ ನೋಡಿ ಅಳತೆ ಹೇಳಲಾಗದು ಎನ್ನುವುದಕ್ಕೆ ಇಷ್ಟು ಸಾಕು.

ಇನ್ನು ಯಾವುದರಿಂದ ಮಾಡಿದ್ದು ಎಂಬ ಪ್ರಶ್ನೆ. ಹಳೆಯ ಲೋಹದ ಪ್ರೊಪೆಲ್ಲರನ್ನು ಅಗ್ಗಕ್ಕೆ ಕೊಂಡು, ತುದಿ ಕತ್ತರಿಸಿ ಬೇರೊಂದು ಎಂಜಿನ್ನಿಗೆ ಹಾಕುವುದು ಅಪಾಯಕರ. ಎಂಜಿನ್ನಿನ ಪ್ರತಿ ಸಿಡಿತದ ಕಂಪನ ಲೋಹದಲ್ಲಿ ದಣಿವನ್ನು ಕೂಡಿಸುತ್ತ ಹೋಗುತ್ತದೆ, ಕತ್ತರಿಸಿದ ಅಲಗಿನ ಕಂಪನದ ಗುಣವೇ ಬದಲಾಗುತ್ತದೆ, ಅಲಗಿನ ತುಂಡೊಂದು ಹಾರಿಹೋದರೆ ಅಸಮತೋಲನದಿಂದ ಎಂಜಿನ್ನೇ ಕಿತ್ತುಬರಬಹುದು. ಪದರ ಪದರವಾಗಿ ಅಂಟಿಸಿದ ಮರ ಕಂಪನವನ್ನು ತಾನೇ ನುಂಗಿಕೊಳ್ಳುತ್ತದೆ.

ಮರಕ್ಕೂ ಅದರದೇ ಆರೈಕೆ ಬೇಕು. ಫೆಬ್ರುವರಿ, ಮಾರ್ಚ್‌ನ ಒಣಹವೆಯಲ್ಲಿ ಹಬ್‌ನ, ಅಂದರೆ ಎಂಜಿನ್ನಿಗೆ ಬಿಗಿಯುವ ನಡುಭಾಗದ, ಮರ ಕುಗ್ಗಿ ಬೋಲ್ಟುಗಳ ಬಿಗಿ ಸಡಿಲವಾಗುತ್ತದೆ. ಮಳೆಗಾಲದಲ್ಲಿ ಅದೇ ಮರ ಊದಿಕೊಂಡು ಬೋಲ್ಟಿನ ಅಡಿಯ ನಾರುಗಳು ನಜ್ಜುಗುಜ್ಜಾಗುತ್ತವೆ. ಆದ್ದರಿಂದ ಹವೆ ಬದಲಾದಾಗಲೆಲ್ಲ ಬಿಗಿಯನ್ನು ಅಳೆಯುವ ಟಾರ್ಕ್ ರೆಂಚ್ ಹಿಡಿದು, ತಯಾರಕರು ಹೇಳಿದ ಬಿಗಿಗೆ ಬೋಲ್ಟುಗಳನ್ನು ಮತ್ತೆ ತರಬೇಕು. ಆಮೇಲೆ ಇಗ್ನಿಷನ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್ಗುಗಳ ತಂತಿ ಕಳಚಿ, ಒಂದು ಅಲಗಿನ ತುದಿಗೆ ತಾಗುವಂತೆ ಮರದ ದಿಮ್ಮಿಯನ್ನು ನೆಲದ ಮೇಲಿಟ್ಟು, ಇನ್ನೊಂದು ಅಲಗನ್ನು ಕೈಯಲ್ಲಿ ತಿರುಗಿಸಿ ಅದೇ ಜಾಗಕ್ಕೆ ತಂದು ನೋಡಬೇಕು. ಎರಡು ತುದಿಗಳ ಹಾದಿಯಲ್ಲಿ 3 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಬೋಲ್ಟುಗಳನ್ನು ಸಡಿಲಿಸಿ ಮೊದಲಿನಿಂದ ಬಿಗಿ ಮಾಡಬೇಕು. ವಿಮಾನ ನಿಲ್ಲಿಸುವಾಗ ಅಲಗುಗಳು ಅಡ್ಡಲಾಗಿರಲಿ. ನೆಟ್ಟಗೆ ಬಿಟ್ಟರೆ ತೇವವೆಲ್ಲ ಕೆಳಗಿನ ಅಲಗಿಗೆ ಇಳಿದು ಸಮತೋಲ ಕೆಡುತ್ತದೆ.

ಇಂತಿ,
ನಿವೃತ್ತ ವಿಮಾನ ತಂತ್ರಜ್ಞ,
ಯಲಹಂಕ, ಬೆಂಗಳೂರು