ಬಂದವರಿಗೆ ಆಸರಿಗೆ

ಕಾಸರಗೋಡಿನ ಪೆರ್ಲದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಕೂತು ಈ ಸಲದ ಸಂಪಾದಕೀಯ ಬರೆಯುತ್ತಿದ್ದೇನೆ. ಬೆಳಗ್ಗೆ ಆರೂವರೆ. ಅಡಿಕೆ ತೋಟದ ಮೇಲೆ ತೆಳ್ಳಗೆ ಮಂಜು. ಅಮ್ಮ ಶಾಲು ಹೊದ್ದು ಓಡಾಡುತ್ತಿದ್ದಾರೆ. ನಾವಿರುವ ಅಮೆರಿಕದ ಮಿಷಿಗನ್‌ನಿಂದ ಪಕ್ಕದ ಮನೆಯವರು ಫೋಟೋ ಕಳಿಸಿದ್ದಾರೆ. ನಮ್ಮ ಹಿತ್ತಲ ತುಂಬ ಹಿಮ, ಹಕ್ಕಿಗಳಿಗೆ ಕಾಳು ಇಡುವ ಫೀಡರ್ ಖಾಲಿ.

ಹೊರಡುವ ಮುಂಚೆ ಅಲ್ಲಿನ ನಮ್ಮ ಕನ್ನಡ ಕೂಟದ ಇಬ್ಬರು ಒಂದೇ ಪ್ರಶ್ನೆ ಕೇಳಿದ್ದರು. "ಐದು ವಾರ ಊರಿಗೆ ಹೋಗ್ತೇವೆ. ಅಷ್ಟು ದಿನ ಕಾಳು ಸಿಗದಿದ್ದರೆ ಹಕ್ಕಿಗಳು ಸಾಯ್ತಾವಾ?" ಇಲ್ಲ, ನಿಶ್ಚಿಂತೆಯಿಂದ ಹೋಗಿ ಬನ್ನಿ. ವಿಸ್ಕಾನ್ಸಿನ್‌ನಲ್ಲಿ ಇಬ್ಬರು ಸಂಶೋಧಕರು ಇದನ್ನೇ ಪರೀಕ್ಷಿಸಿ 1992ರಲ್ಲಿ ಬರೆದಿದ್ದಾರೆ. ವರ್ಷಗಟ್ಟಲೆ ಕಾಳು ಇಟ್ಟಿದ್ದ ಕಡೆ ಫೀಡರ್ ತೆಗೆದು ನೋಡಿದರು. ಚಿಕಡಿ ಅಂದರೆ ಅಲ್ಲಿನ ಒಂದು ಪುಟ್ಟ ಹಕ್ಕಿ. ಫೀಡರನ್ನೇ ಕಾಣದ ಕಾಡಿನ ಚಿಕಡಿಗಳಷ್ಟೇ ಅಲ್ಲಿನ ಚಿಕಡಿಗಳೂ ಬದುಕಿಕೊಂಡವು. ಹಾಗಂತ ಕಾಳು ಇಡುವುದು ಸುಮ್ನೆ ಅಲ್ಲ. ತೀರಾ ಕೊರೆಯುವ ಚಳಿಯಲ್ಲಿ ಕಾಳು ಸಿಕ್ಕ ಹಕ್ಕಿಗಳೇ ಜಾಸ್ತಿ ಉಳಿಯುತ್ತವೆ ಎಂದು ಅವರೇ ಅದಕ್ಕೆ ಮುಂಚೆ ಕಂಡಿದ್ದರು. ಹನ್ನೊಂದು ಗ್ರಾಂ ತೂಕದ ಜೀವ ಚಿಕಡಿ. ಹಗಲು ತಿಂದು ಕೂಡಿಸಿದ ಕೊಬ್ಬು ಒಂದು ರಾತ್ರಿಗೆ ಕರಗಿ ಹೋಗುತ್ತದೆ.

ಏನು ಇಡಬೇಕು ಅಂದರೆ, ಕರಿ ಸೂರ್ಯಕಾಂತಿ ಬೀಜ. ದನದ ಕೊಬ್ಬಿನ ಸೂಯೆಟ್ ಮುಟ್ಟಲು ಮನಸ್ಸಾಗದವರು ಉಪ್ಪು ಹಾಕದ ನೆಲಗಡಲೆ ಇಡಬಹುದು. ಮಿಕ್ಕಿದ ಚಿತ್ರಾನ್ನ, ಮಿಕ್ಸ್ಚರ್ ಬೇಡ. ಉಪ್ಪು, ಎಣ್ಣೆ ಅವಕ್ಕೆ ಆಗುವುದಿಲ್ಲ.

ಆದರೆ ಕಾಳಿಗಿಂತ ಮೊದಲು ನೀರು. ಇದನ್ನು ನಾನು ಕಲಿತದ್ದು ಅಮ್ಮನಿಂದ. ನಮ್ಮ ಕಡೆ ಮನೆಗೆ ಯಾರೇ ಬರಲಿ, ಕೂರುವ ಮೊದಲೇ "ಆಸರಿಂಗೆಂತ?" ಎಂದು ಕೇಳುತ್ತಾರೆ. ಕುಡಿಯಲಿಕ್ಕೆ ಏನು ಬೇಕು ಅಂತ. ನೀರು, ಬೆಲ್ಲ, ಮಜ್ಜಿಗೆ, ಏನಾದರೊಂದು. ಅಂಗಳದ ಬದಿಯಲ್ಲಿ ಅಂಚು ಒಡೆದ ಒಂದು ಮಣ್ಣಿನ ಕಾವಲಿ ಇದೆ. ಅಮ್ಮ ದಿನಾ ಬೆಳಗ್ಗೆ ಅದರ ಹಳೆಯ ನೀರು ಚೆಲ್ಲಿ, ತೆಂಗಿನ ಸಿಪ್ಪೆಯಲ್ಲಿ ಉಜ್ಜಿ, ಹೊಸ ನೀರು ತುಂಬುತ್ತಾರೆ. ನಡುವೆ ಒಂದು ಮುರಕಲ್ಲಿನ ಚೂರು, ಸಣ್ಣ ಹಕ್ಕಿ ಕಾಲೂರಲು. ಬೆಕ್ಕು ಅವಿತು ಕೂರಬಾರದು ಅಂತ ದಾಸವಾಳದ ಪೊದೆಯಿಂದ ದೂರ ಇಟ್ಟಿದ್ದಾರೆ. ಯಾಕಮ್ಮ ಇಷ್ಟೆಲ್ಲ ಅಂದರೆ, "ಬಂದವಕ್ಕೆ ಆಸರಿಂಗೆ ಕೊಡದ್ದೆ ಕಳ್ಸುಲಾವುತ್ತೊ?" ಅನ್ನುತ್ತಾರೆ. ಬಂದವರನ್ನು ಕುಡಿಯಲು ಕೊಡದೆ ಕಳಿಸಲಿಕ್ಕಾಗುತ್ತದಾ ಅಂತ.

ಇಲ್ಲಿ ಚಳಿಯಿಂದ ಯಾವ ಹಕ್ಕಿಯೂ ಸಾಯುವುದಿಲ್ಲ. ಕಷ್ಟ ಶುರುವಾಗುವುದು ಫೆಬ್ರವರಿಯ ನಂತರ. ತೋಡು, ಅಂದರೆ ಹಳ್ಳ, ಬತ್ತುತ್ತದೆ. ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ನೀರು ನೂಲಿನಷ್ಟಾಗುತ್ತದೆ. ಏತಡ್ಕದ ಕಡೆ ಜನ ತೋಡಿಗೆ ಅಡ್ಡ ಕಟ್ಟ, ಅಂದರೆ ಒಡ್ಡು, ಹಾಕುತ್ತಾರಲ್ಲ, ಅದರಲ್ಲಿ ನೀರು ನಿಂತಷ್ಟು ದಿನ ಹಕ್ಕಿಗಳಿಗೂ ಸುಖ. ಮಿಷಿಗನ್‌ನ ಚಳಿಗಾಲದಲ್ಲೂ ಇದೇ ಕಥೆ ಅಲ್ವಾ? ಸುತ್ತ ಬೇಕಾದಷ್ಟು ನೀರಿದೆ, ಎಲ್ಲ ಗಟ್ಟಿ. ಹಿಮ ತಿನ್ನಬಹುದು, ಆದರೆ ಅದನ್ನು ಕರಗಿಸಲು ಮೈಯ ಬಿಸಿಯೇ ಖರ್ಚು. ಕರೆಂಟಿನಲ್ಲಿ ಬಿಸಿಯಾಗುವ ನೀರಿನ ತಟ್ಟೆ ಅಂಗಡಿಗಳಲ್ಲಿ ಸಿಗುತ್ತದೆ. ಫೀಡರ್‌ಗಿಂತ ಮೊದಲು ಅದನ್ನು ತನ್ನಿ ಎನ್ನುತ್ತೇನೆ.

ಒಂದು ತಪ್ಪನ್ನೂ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಒಂದು ಚಳಿಗಾಲವಿಡೀ ನಾನು ಫೀಡರ್ ತೊಳೆಯಲಿಲ್ಲ. ಮೇಲಿಂದ ಮೇಲೆ ಕಾಳು ಸುರಿದೆ, ಅಷ್ಟೇ. ಒಂದು ದಿನ ಕೆಳಗೆ ಹಿಮದ ಮೇಲೆ ಒಂದು ಹೌಸ್ ಫಿಂಚ್, ಗುಬ್ಬಿಯಂಥ ಹಕ್ಕಿ, ಕೂತಿತ್ತು. ಹತ್ತಿರ ಹೋದರೂ ಹಾರಲಿಲ್ಲ. ಎರಡೂ ಕಣ್ಣು ಊದಿ ಮುಚ್ಚಿಕೊಂಡಿದ್ದವು. ರೆಪ್ಪೆಯ ಅಂಚಿನಲ್ಲಿ ಸಿಪ್ಪೆ ಅಂಟಿತ್ತು. ಮರುದಿನ ಅಲ್ಲೇ ಸತ್ತು ಬಿದ್ದಿತ್ತು. ಈ ಕಣ್ಣಿನ ರೋಗ ರಾಜಧಾನಿ ವಾಷಿಂಗ್ಟನ್ ಸುತ್ತಮುತ್ತ ಮೊದಲು ಕಂಡದ್ದು 1994ರಲ್ಲಿ. ಕೊಳಕು ಫೀಡರ್‌ನಿಂದ ಒಂದಕ್ಕೊಂದು ಹರಡುತ್ತದೆ. ಎರಡು ವಾರಕ್ಕೊಮ್ಮೆ ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಹಾಕಿ ತೊಳೆಯಿರಿ. ಚೆನ್ನಾಗಿ ಒಣಗಿಸಿಯೇ ಕಾಳು ತುಂಬಿ. ರೋಗದ ಹಕ್ಕಿ ಕಂಡರೆ ಕೆಲವು ದಿನ ಫೀಡರ್ ಒಳಗಿಡಿ. ಬಂದವರಿಗೆ ಎಂಜಲು ತಟ್ಟೆಯಲ್ಲಿ ಬಡಿಸುತ್ತೇವಾ?

ಈಗ ಊರಿಗೆ ಬಂದಿರುವವರಲ್ಲಿ ಎರಡು ಮಾತು. ಹಿಂತಿರುಗುವ ಮುಂಚೆ ಅಂಗಳದಲ್ಲಿ ಒಂದು ಅಗಲ ಪಾತ್ರೆ ಇಟ್ಟು, ದಿನಾ ನೀರು ಬದಲಿಸಲು ಮನೆಯವರಿಗೆ ಹೇಳಿ ಬನ್ನಿ. ತೋಟದ ತರಗೆಲೆ ಎಲ್ಲವನ್ನೂ ಗುಡಿಸಿ ಸುಡಬೇಡಿ. ಹಿಮಾಲಯದ ತಪ್ಪಲಿನಿಂದ, ಮಧ್ಯ ಭಾರತದಿಂದ ಚಳಿಗಾಲಕ್ಕೆ ಇಳಿದು ಬರುವ ನವರಂಗ ಹಕ್ಕಿಗೆ ನಿಮ್ಮ ಕಾಳು ಬೇಡ. ಅದು ತರಗೆಲೆ ಕೆದಕಿ, ಅಡಿಯ ಹುಳ ಹೆಕ್ಕಿ ತಿನ್ನುವ ಹಕ್ಕಿ. ನಿನ್ನೆ ಮುಸ್ಸಂಜೆ ತೋಟದ ಕೆಳಗಿನಿಂದ ಅದರ ಕೂಗು ಎರಡು ಸಲ ಕೇಳಿತು.

ಫೆಬ್ರವರಿಯಲ್ಲಿ ಹಿತ್ತಲ ಹಕ್ಕಿ ಎಣಿಸುವ ನಾಲ್ಕು ದಿನಗಳು (ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್) ಬರುತ್ತವೆ. ಜಗತ್ತಿನ ಯಾವ ಊರಿನಿಂದಲೂ ಸೇರಬಹುದು, ಹದಿನೈದು ನಿಮಿಷ ಸಾಕು. ನಿಮ್ಮ ಪಟ್ಟಿಯನ್ನು ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಪೆರ್ಲದ ಪಟ್ಟಿಯನ್ನು ಅಮ್ಮ ಫೋನಿನಲ್ಲಿ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಮೊದಲ ಹೆಸರು ಮಡಿವಾಳ ಹಕ್ಕಿಯದೇ ಇರಬೇಕು. ಈಗಲೂ ಅದು ಕಾವಲಿಯಲ್ಲಿ ಮುಳುಗಿ ಎದ್ದು, ಮುರಕಲ್ಲಿನ ಮೇಲೆ ನಿಂತು ರೆಕ್ಕೆ ಕೊಡವುತ್ತಿದೆ. ಅಮ್ಮ ಚೊಂಬು ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ, ಅದರ ಸ್ನಾನ ಮುಗಿಯಲಿ ಅಂತ.