ಕಛೇರಿ ಎಲ್ಲಿದೆ, ಯಾರನ್ನು ಕೇಳೋಣ?

ಮಾನ್ಯರೇ,

ಕಳೆದ ತಿಂಗಳು ವೀಣೆ ಕಛೇರಿ ಕೇಳಲೆಂದು ಬೆಂಗಳೂರಿನ ಒಂದು ಸಭಾಂಗಣಕ್ಕೆ ಹೋಗಿದ್ದೆ. ಅಲ್ಲಿ ನಾಮಕರಣ ನಡೆಯುತ್ತಿತ್ತು! ಕಛೇರಿಯನ್ನು ಬೇರೆ ಕಡೆಗೆ ಬದಲಾಯಿಸಿದ್ದರಂತೆ. ಆಯೋಜಕರಿಗೆ ಫೋನ್ ಮಾಡಿದರೆ, ‘ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕಿದ್ದೆವಲ್ಲಾ’ ಎಂದರು. ನಾನು ಆ ಗ್ರೂಪಿನಲ್ಲಿ ಇಲ್ಲವೇ ಇಲ್ಲ.

ನಮ್ಮೂರಿನಲ್ಲಿ ಸಂಗೀತದ ಜಾಗಗಳಿಗೇನೂ ಬರವಿಲ್ಲ. ಕೆ.ಆರ್. ರಸ್ತೆಯಲ್ಲಿ 1905ರಲ್ಲಿ ಶುರುವಾದ ಗಾಯನ ಸಮಾಜವಿದೆ. ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ಯಾರಿಗೆ ಗೊತ್ತಿಲ್ಲ? ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ ಎಷ್ಟೋ ಕಾರ್ಯಕ್ರಮಗಳು ಉಚಿತ. ಇನ್ನು ಚಾಮರಾಜಪೇಟೆಯ ರಾಮನವಮಿ ಕಛೇರಿಗಳು 1939ರಿಂದ ನಡೆದು ಬಂದಿವೆ. ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದ ಹೊರಗೆ, ರಸ್ತೆ ಬದಿಯಲ್ಲೇ ಕೂತು ನಾನು ಸುಮಾರು ಕಛೇರಿ ಕೇಳಿದ್ದೇನೆ. ಪಾನಕವೂ ಸಿಕ್ಕಿದೆ, ಸುಳ್ಳೇಕೆ ಹೇಳಲಿ.

ಇಂದಿರಾನಗರ, ಕೋರಮಂಗಲದ ಪಬ್‌ಗಳ ಬ್ಯಾಂಡ್‌ಗಳನ್ನು ಹುಡುಕುವುದು ಸುಲಭ. ಟಿಕೆಟ್ ಮಾರುವ ಆ್ಯಪ್‌ಗಳಲ್ಲಿ ಎಲ್ಲ ಇರುತ್ತದೆ. ಟಿಕೆಟ್ಟೇ ಇಲ್ಲದ ದೇವಸ್ಥಾನದ ಕಛೇರಿ, ಬಡಾವಣೆಯ ಗಣೇಶೋತ್ಸವದ ಸಂಗೀತ ಅಲ್ಲಿ ಬರುವುದು ಅಪರೂಪ. ಅದರಿಂದ ಅವರಿಗೇನು ಲಾಭ, ಅಲ್ವಾ?

ಪತ್ರಿಕೆಗಳಲ್ಲಿ ‘ನಗರದಲ್ಲಿ ಇಂದು’ ಅಂತ ಬರುತ್ತದೆ, ನಿಜ. ಆದರೆ ಅವತ್ತಿನ ಬೆಳಿಗ್ಗೆ ಓದಿ ಸಂಜೆ ವೈಟ್‌ಫೀಲ್ಡ್‌ನಿಂದ ಬಸವನಗುಡಿ ತಲುಪುವುದು ಆಗುವ ಮಾತಲ್ಲ. ಭಾನುವಾರವೇ ಇಡೀ ವಾರದ ಪಟ್ಟಿ ಹಾಕಿ. ಜೊತೆಗೆ ಹತ್ತಿರದ ಮೆಟ್ರೊ ನಿಲ್ದಾಣ ಯಾವುದು, ಪ್ರವೇಶ ಉಚಿತವೇ, ಕಛೇರಿ ಸುಮಾರು ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದೂ ತಿಳಿಸಿ. ಮೃದಂಗದಂಥ ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನ ಶುರುವಾಗುವಾಗಲೇ ಕೊನೆಯ ಬಸ್ಸಿನ ಚಿಂತೆಯಲ್ಲಿ ಎದ್ದು ಓಡುವವರಲ್ಲಿ ನಾನೂ ಒಬ್ಬ.

– ಒಬ್ಬ ಓದುಗ, ಬೆಂಗಳೂರು