ಎಳೆಯ ಕುದುರೆಯ ಬಾಯಿಗೆ ಮುಳ್ಳೇಕೆ?

ಮಾನ್ಯರೇ,

ತೋಟದ ದಾರಿಗಳಲ್ಲಿ, ಬೆಟ್ಟದ ತಪ್ಪಲುಗಳಲ್ಲಿ ಕುದುರೆ ಸವಾರಿಯ ಹವ್ಯಾಸ ನಮ್ಮ ಮಲೆನಾಡಿನಲ್ಲೂ ಹಬ್ಬುತ್ತಿದೆ. ಒಳ್ಳೆಯದೇ. ಆದರೆ ಕಸುವು ತುಂಬಿದ ನಾಲ್ಕು ವರ್ಷದ ಮಾರವಾಡಿ ಕುದುರೆಯನ್ನು ಕೊಂಡವರು ಅಂಗಡಿಗೆ ಹೋಗಿ, 'ತುಂಬಾ ಎಳೆಯುತ್ತದೆ, ಬಿಗಿಯಾದ ಕಡಿವಾಣ ಕೊಡಿ' ಎನ್ನುತ್ತಾರೆ. ಅಂಗಡಿಯವರು ಸಂಕೋಚವಿಲ್ಲದೆ ಮುಳ್ಳಿನ ಕಡಿವಾಣ ತೆಗೆದು ಕೊಡುತ್ತಾರೆ. ಬಾಯೊಳಗಿನ ಕಂಬಿಯ ಸುತ್ತ ಮೊನೆಗಳಿರುವ ವಸ್ತು ಅದು. ಕೊಳ್ಳುವವರು ಒಮ್ಮೆ ಅದನ್ನು ತಮ್ಮ ಅಂಗೈಗೆ ಒತ್ತಿಕೊಂಡು ನೋಡಬೇಕು.

ಪ್ರಾಣಿಗಳನ್ನು ಹಿಡಿತದಲ್ಲಿಡಲು ಮೊನೆಯುಳ್ಳ ಕಡಿವಾಣ ಬಳಸುವುದನ್ನು ಕೇಂದ್ರದ 1965ರ ಕ್ರೌರ್ಯ ತಡೆ ನಿಯಮಗಳು ನಿಷೇಧಿಸಿವೆ. ಬಳಸಬಾರದ ವಸ್ತು ಅಂಗಡಿಯಲ್ಲಿ ರಾಜಾರೋಷವಾಗಿ ನೇತಾಡುವುದೇಕೆ?

ಅಷ್ಟಕ್ಕೂ ಎಳೆಯ ಕುದುರೆ ಕೊಬ್ಬಿನಿಂದಲೇ ಎಳೆಯುತ್ತದೆ ಎಂದವರು ಯಾರು? ಎರಡೂವರೆಯಿಂದ ಐದು ವರ್ಷದವರೆಗೆ ಅದರ ಹಾಲುಹಲ್ಲು ಉದುರಿ ಹೊಸ ಹಲ್ಲು ಬರುತ್ತಿರುತ್ತದೆ. ಕೆಲವು ಕುದುರೆಗಳಿಗೆ ದವಡೆ ಹಲ್ಲುಗಳ ಮುಂದೆ ಪುಟ್ಟದೊಂದು ಹೆಚ್ಚುವರಿ ಹಲ್ಲಿದ್ದು, ಕಡಿವಾಣ ತಗುಲಿದಾಗ ನೋಯಬಹುದು. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವಿನ ಬರಿಯ ವಸಡಿನ ಮೇಲೆಯೇ ಕಂಬಿ ಕೂರುವುದು. ಅಲ್ಲಿ ಎಲುಬಿನ ಮೇಲೆ ತೆಳುವಾದ ಪೊರೆ ಬಿಟ್ಟರೆ ಬೇರೇನಿಲ್ಲ. ನೋವು ಹೆಚ್ಚಿದಷ್ಟೂ ಕುದುರೆ ತಲೆಯೆತ್ತಿ ಇನ್ನಷ್ಟು ಜೋರಾಗಿ ನುಗ್ಗುತ್ತದೆ.

ಹೀಗಾಗಿ ಮೊದಲು ಪಶುವೈದ್ಯರಿಂದ ಹಲ್ಲು ನೋಡಿಸಬೇಕು, ಆಮೇಲೆ ಅಳತೆ. ದಾರವೊಂದನ್ನು ಬಾಯಿಗೆ ಅಡ್ಡಲಾಗಿ ಹಿಡಿದು ತುಟಿಯ ಎರಡೂ ಮೂಲೆಗಳಲ್ಲಿ ಗುರುತು ಹಾಕಿ, ಆ ಅಳತೆಗಿಂತ ಸುಮಾರು ಅರ್ಧ ಸೆಂಟಿಮೀಟರ್ ಹೆಚ್ಚು ಉದ್ದದ ಕಂಬಿಯಿರುವ ಕಡಿವಾಣವನ್ನು ಕೊಳ್ಳಬೇಕು. ಉದ್ದ ಹೆಚ್ಚಾದರೆ ಅತ್ತಿತ್ತ ಜಾರುತ್ತದೆ, ಕಡಿಮೆಯಾದರೆ ತುಟಿ ಚಿವುಟುತ್ತದೆ. ನಡುವೆ ಎರಡು ಕೀಲುಗಳಿರುವ ನಯವಾದ ಸ್ನ್ಯಾಫಲ್, ಅಂದರೆ ಸನ್ನೆಯಿಲ್ಲದೆ ಲಗಾಮಿನ ಎಳೆತ ನೇರವಾಗಿ ಬಾಯಿಗೆ ತಲುಪುವ ಸರಳ ಕಡಿವಾಣ, ಎಳೆಯ ಕುದುರೆಗೆ ಸಾಮಾನ್ಯವಾಗಿ ಒಗ್ಗುತ್ತದೆ. ಕಂಬಿ ತೆಳುವಾದಷ್ಟೂ ಒತ್ತು ಹರಿತ. ಹಾಗೆಂದು ವಿಪರೀತ ದಪ್ಪದ್ದನ್ನು ತಂದರೆ ಸಣ್ಣ ಬಾಯಿಯಲ್ಲಿ ನಾಲಿಗೆಗೆ ಜಾಗವೇ ಇರುವುದಿಲ್ಲ. ಉದ್ದನೆಯ ಸನ್ನೆ ಮತ್ತು ಗಲ್ಲದಡಿಯ ಸರಪಳಿಯಿರುವ ಕರ್ಬ್ ಕಡಿವಾಣ ಕೈಯ ಸಣ್ಣ ಎಳೆತವನ್ನೂ ಹಲವು ಪಟ್ಟು ಮಾಡುತ್ತದೆ. ಕೈ ಪಳಗಿರದ ಸವಾರ ಇಳಿಜಾರಿನಲ್ಲಿ ಮುಗ್ಗರಿಸಿ ಲಗಾಮಿಗೆ ಜೋತುಬಿದ್ದರೆ ಆ ಬಾಯಿಯ ಗತಿ ಏನು?

ಇನ್ನೊಂದು ಮಾತು. ವಾರವೆಲ್ಲ ಲಾಯದಲ್ಲಿ ಕಟ್ಟಿ, ಹೊಟ್ಟೆ ತುಂಬ ಹುರುಳಿ ತಿನ್ನಿಸಿ, ಭಾನುವಾರ ಬೆಟ್ಟಕ್ಕೆ ಹೊರಟರೆ ಯಾವ ಕುದುರೆಯೂ ಹಾರಾಡುತ್ತದೆ. ಅದಕ್ಕೆ ಮದ್ದು ಕಡಿವಾಣದಲ್ಲಿಲ್ಲ. ದಿನಾ ನಡೆಸಬೇಕು, ಬಯಲಿನಲ್ಲಿ ಒಂದೇ ಲಗಾಮು ಹಿಡಿದು ಕತ್ತು ಬಾಗಿಸಿ ನಿಲ್ಲಿಸುವುದನ್ನು ಕಲಿಸಬೇಕು.

ಪಶುಸಂಗೋಪನಾ ಇಲಾಖೆಯವರು ಜೀನು, ಲಗಾಮು ಮಾರುವ ಅಂಗಡಿಗಳನ್ನೊಮ್ಮೆ ತಪಾಸಣೆ ಮಾಡಲಿ. ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಕುದುರೆಗಳ ಹಲ್ಲಿನ ತಪಾಸಣೆಗೆ ತಿಂಗಳಿಗೆ ಒಂದು ದಿನವನ್ನಾದರೂ ಗೊತ್ತುಮಾಡಲಿ.

– ಕುದುರೆ ಸಾಕಣೆದಾರ, ಸಕಲೇಶಪುರ